ಅವಧಿ ಹೊಂದದ ಅಂಕಿ-ಅಂಶಗಳ ಹೋಲಿಕೆ: ಕುಡಿಯುವ ನೀರಿನ ತಃಖ್ತೆಗಳನ್ನು ಓದುವ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರ ಉಪಯೋಗಕ್ಕಾಗಿ ಅಧ್ಯಯನ ಪಾಠ)

1. ಪಾಠದ ಉದ್ದೇಶ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಕುಡಿಯುವ ನೀರಿನ ವಿಷಯ ಚರ್ಚೆಗೆ ಬಂದಾಗ ಸದಸ್ಯರ ಮುಂದೆ ಸಾಮಾನ್ಯವಾಗಿ ನಾಲ್ಕು ಬಗೆಯ ದಾಖಲೆಗಳಿರುತ್ತವೆ: ಮಳೆಯ ಪ್ರಮಾಣ, ಕೊಳವೆಬಾವಿಗಳ ನೀರಿನ ಮಟ್ಟ, ಪಂಪುಗಳ ವಿದ್ಯುತ್ ಬಿಲ್ಲು ಮತ್ತು ನೀರುಗಂಟಿಯ ದಿನವಹಿ. ಹೊಸ ಕೊಳವೆಬಾವಿ ಕೊರೆಯಿಸಬೇಕೆ, ಹಳೆಯ ಕೊಳವೆಮಾರ್ಗದ ಸೋರಿಕೆಯನ್ನು ಸರಿಪಡಿಸಿದರೆ ಸಾಕೆ, ಬೇಸಿಗೆಗೆ ಟ್ಯಾಂಕರ್ ವೆಚ್ಚವನ್ನು ಕಾದಿರಿಸಬೇಕೆ ಎಂಬ ತೀರ್ಮಾನಗಳು ಈ ದಾಖಲೆಗಳ ಪರಸ್ಪರ ಹೋಲಿಕೆಯ ಮೇಲೆ ನಿಲ್ಲುತ್ತವೆ.

ಈ ನಾಲ್ಕೂ ದಾಖಲೆಗಳು ಕಾಲವನ್ನು ಒಂದೇ ರೀತಿಯಲ್ಲಿ ಅಳೆಯುವುದಿಲ್ಲ. ಮಳೆಯ ಲೆಕ್ಕ ದಿನಕ್ಕೊಂದು, ಬಿಲ್ಲಿನ ಲೆಕ್ಕ ಮೀಟರ್ ಓದಿದ ದಿನದಿಂದ ಮೀಟರ್ ಓದಿದ ದಿನಕ್ಕೆ, ನೀರಿನ ಮಟ್ಟದ ಲೆಕ್ಕ ವರ್ಷಕ್ಕೆ ಕೆಲವೇ ಬಾರಿ, ಖರ್ಚಿನ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಇವನ್ನು ಹಾಗೆಯೇ ಪಕ್ಕಪಕ್ಕದಲ್ಲಿಟ್ಟರೆ ಪ್ರತಿಯೊಂದು ಅಂಕಿಯೂ ಸರಿಯಾಗಿದ್ದು, ಹೋಲಿಕೆಯ ಫಲಿತಾಂಶ ಮಾತ್ರ ತಪ್ಪಾಗಬಹುದು. ಅಂತಹ ತಃಖ್ತೆಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಅವಧಿಗೆ ತರುವ ಕ್ರಮವನ್ನೂ, ಅಂತಹ ತಃಖ್ತೆ ಸಭೆಯ ಮುಂದೆ ಬಂದಾಗ ಸದಸ್ಯರು ಕೇಳಬೇಕಾದ ಪ್ರಶ್ನೆಗಳನ್ನೂ ಈ ಪಾಠ ವಿವರಿಸುತ್ತದೆ. ‘ಅಭ್ಯಾಸ’ ಎಂದು ಗುರುತಿಸಿದ ಅಂಕಿಗಳು ಪಾಠಕ್ಕಾಗಿ ಕಲ್ಪಿಸಿದವು. ಅವು ಯಾವ ಪಂಚಾಯಿತಿಯ ನೈಜ ಲೆಕ್ಕವೂ ಅಲ್ಲ.

ಉದಾಹರಣೆಗಳಿಗೆ ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ನಡುವೆ ಬಿ.ಎಚ್. ರಸ್ತೆಯ ಮೇಲಿರುವ ಮಾಚೇನಹಳ್ಳಿಯ ಪರಿಸರವನ್ನು ಆರಿಸಿಕೊಳ್ಳಲಾಗಿದೆ. ಕೈಗಾರಿಕಾ ಪ್ರದೇಶ, ಶಿಮುಲ್ ಸಂಸ್ಥೆಯ ಹಾಲಿನ ಡೈರಿ ಹಾಗೂ ರಾಜ್ಯ ಮೀಸಲು ಪೊಲೀಸ್ ಪಡೆಯ ನೆಲೆ ಇರುವ ಈ ಭಾಗದಲ್ಲಿ ಹಳ್ಳಿಯ ನೀರಿನ ಬೇಡಿಕೆ ಕೇವಲ ಹಳ್ಳಿಯ ಹಳೆಯ ಮನೆಗಳ ಬೇಡಿಕೆಯಾಗಿ ಉಳಿಯುವುದಿಲ್ಲ. ದುಡಿಯಲು ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸುವವರ ಬೇಡಿಕೆಯೂ ಅದರಲ್ಲಿ ಸೇರುತ್ತದೆ. ಆದುದರಿಂದ ಇಂತಹ ಕಡೆ ಹೋಲಿಕೆಯಲ್ಲಿ ಆಗುವ ತಪ್ಪಿನ ಪರಿಣಾಮವೂ ದೊಡ್ಡದಾಗಿರುತ್ತದೆ.

2. ಒಂದೇ ಕಾಲಕ್ಕೆ ಹಲವು ಲೆಕ್ಕ

ದಾಖಲೆಗಳನ್ನು ಹೋಲಿಸುವ ಮೊದಲು ಪ್ರತಿಯೊಂದು ದಾಖಲೆಯ ಅವಧಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಮಳೆ: ಮಳೆಯ ದಿನವು ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನ ದಿನವಲ್ಲ. ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನು ಆ ದಿನಾಂಕದ ಮಳೆಯೆಂದು ದಾಖಲಿಸುವುದು ಹವಾಮಾನ ಇಲಾಖೆಯ ಪದ್ಧತಿ. ಜುಲೈ 1ರ ಎದುರಿಗಿರುವ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್ 30ರ ಹಗಲು ಮತ್ತು ರಾತ್ರಿ ಬಿದ್ದದ್ದು. ತಿಂಗಳ ಮೊತ್ತದಲ್ಲಿ ಈ ವ್ಯತ್ಯಾಸ ಅಲ್ಪ. ಆದರೆ ನೀರುಗಂಟಿಯ ದಿನವಹಿಯೊಂದಿಗೆ ದಿನಕ್ಕೆ ದಿನ ಹೋಲಿಸುವಾಗ ಒಂದು ದಿನದ ಜರುಗು ಇರುತ್ತದೆ.

ವಿದ್ಯುತ್ ಬಿಲ್ಲು: ‘ಜೂನ್ ಬಿಲ್ಲು’ ಎಂಬುದು ಜೂನ್‌ನಲ್ಲಿ ಬಂದ ಬಿಲ್ಲು, ಜೂನ್ ತಿಂಗಳ ಬಳಕೆಯೇ ಆಗಿರಬೇಕೆಂದಿಲ್ಲ. ಮೀಟರ್ ಓದುವ ದಿನ ಹಿಂದುಮುಂದಾದರೆ ಒಂದು ಬಿಲ್ಲಿಗೆ 28 ದಿನ, ಇನ್ನೊಂದಕ್ಕೆ 35 ದಿನ ಬೀಳಬಹುದು.

ನೀರಿನ ಮಟ್ಟ: ಕೇಂದ್ರ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ, ಅಂದರೆ ಜನವರಿಯಲ್ಲಿ, ಮುಂಗಾರಿಗೆ ಮೊದಲು ಬೇಸಿಗೆಯಲ್ಲಿ, ಆಗಸ್ಟ್‌ನಲ್ಲಿ ಮತ್ತು ನವೆಂಬರ್‌ನಲ್ಲಿ ಅಳೆಯುತ್ತದೆ. ಈ ಅಳತೆ ಒಂದು ಕ್ಷಣದ ಸ್ಥಿತಿಯನ್ನು ತಿಳಿಸುತ್ತದೆಯೇ ಹೊರತು ಒಂದು ತಿಂಗಳ ಮೊತ್ತವನ್ನಲ್ಲ.

ಖರ್ಚು: ಪಂಚಾಯಿತಿಯ ಲೆಕ್ಕಪತ್ರ ಆರ್ಥಿಕ ವರ್ಷವನ್ನು ಅನುಸರಿಸುತ್ತದೆ. ಮಳೆಗಾಲ ಜೂನ್‌ನಲ್ಲಿ ಆರಂಭವಾಗುತ್ತದೆ. ಇವೆರಡರ ನಡುವಿನ ಎರಡು ತಿಂಗಳು, ಏಪ್ರಿಲ್ ಮತ್ತು ಮೇ, ನೀರಿನ ಕೊರತೆ ತೀವ್ರವಾಗಿರುವ ತಿಂಗಳುಗಳೇ ಆಗಿವೆ.

ರೈತರ ಲೆಕ್ಕ: ಗ್ರಾಮಸಭೆಯಲ್ಲಿ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಹೇಳುತ್ತಾರೆ. 27 ನಕ್ಷತ್ರಗಳಿಗೆ ಒಂದು ವರ್ಷವನ್ನು ಹಂಚಿದರೆ ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ ಬರುತ್ತದೆ. ಆರಿದ್ರಾ ಮಳೆಯ ಅವಧಿ ಸುಮಾರು ಜೂನ್ 22ರಿಂದ ಜುಲೈ 5ರವರೆಗೆ. ಅದು ಎರಡು ತಿಂಗಳುಗಳ ಮೇಲೆ ಹರಡಿಕೊಂಡಿದೆ. ‘ಜೂನ್‌ನಲ್ಲಿ ವಾಡಿಕೆಗಿಂತ ಹೆಚ್ಚು ಮಳೆ’ ಎಂಬ ವರದಿಯೂ ‘ಆರಿದ್ರಾ ಕೈಕೊಟ್ಟಿತು’ ಎಂಬ ರೈತರ ಮಾತೂ ಏಕಕಾಲದಲ್ಲಿ ಸತ್ಯವಾಗಿರಬಹುದು. ಜೂನ್ ಮೊದಲ ಮೂರು ವಾರಗಳಲ್ಲಿ ಮಳೆ ಸುರಿದು, ನಂತರ ಎರಡು ವಾರ ಬಿಡುವು ಕೊಟ್ಟರೆ ಹೀಗಾಗುತ್ತದೆ. ದಿನವಾರು ಮಳೆಯ ಅಂಕಿಗಳು ಕೈಯಲ್ಲಿದ್ದರೆ ಜೂನ್ 22ರಿಂದ ಜುಲೈ 5ರವರೆಗಿನ ಮೊತ್ತವನ್ನು ಪ್ರತ್ಯೇಕವಾಗಿ ತೆಗೆದು ರೈತರ ಮಾತನ್ನು ಪರಿಶೀಲಿಸಬಹುದು. ತಿಂಗಳ ಮೊತ್ತವನ್ನಷ್ಟೇ ಮುಂದಿಟ್ಟು ಆ ಮಾತನ್ನು ಅಲ್ಲಗಳೆಯುವುದು ನ್ಯಾಯವಲ್ಲ.

3. ಸಿದ್ಧತೆ: ದಿನಾಂಕ ಮತ್ತು ಹೆಸರು

ಸ್ಪ್ರೆಡ್‌ಶೀಟ್ ದಿನಾಂಕವನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ 2024ರ ಏಪ್ರಿಲ್ 8 ಎಂದರೆ 45390. ಈ ಕಾರಣದಿಂದಲೇ ಒಂದು ದಿನಾಂಕದಿಂದ ಇನ್ನೊಂದನ್ನು ಕಳೆದರೆ ನಡುವಿನ ದಿನಗಳ ಸಂಖ್ಯೆ ದೊರೆಯುತ್ತದೆ. ಆದರೆ ಬೇರೆ ತಂತ್ರಾಂಶದಿಂದ ನಕಲು ಮಾಡಿ ತಂದ ದಿನಾಂಕ ಎಷ್ಟೋ ಬಾರಿ ಸಂಖ್ಯೆಯಾಗಿರದೆ ಬರಿಯ ಅಕ್ಷರಗಳಾಗಿ ಉಳಿದಿರುತ್ತದೆ. ಅಂತಹ ದಿನಾಂಕ ಕೋಶದ ಎಡಬದಿಗೆ ಅಂಟಿಕೊಂಡಿರುತ್ತದೆ. ನಿಜವಾದ ದಿನಾಂಕ ಬಲಬದಿಗಿರುತ್ತದೆ. 05/06/2024 ಎಂಬುದು ಜೂನ್ 5 ಆಗಿರಬೇಕಾದಲ್ಲಿ ಅಮೆರಿಕದ ಪದ್ಧತಿಗೆ ಹೊಂದಿಸಿದ ಗಣಕದಲ್ಲಿ ಮೇ 6 ಆಗಿಬಿಡುತ್ತದೆ. ಒಂದು ಹಾಳೆಯಲ್ಲಿ ಪ್ರತಿ ತಿಂಗಳ 12ನೆಯ ತಾರೀಖಿನವರೆಗೆ ಮಾತ್ರ ದಿನಾಂಕಗಳು ಬಲಕ್ಕಿದ್ದು, 13ರಿಂದ ಮುಂದಿನವು ಎಡಕ್ಕಿದ್ದರೆ ಈ ದೋಷ ಆಗಿದೆಯೆಂದೇ ತಿಳಿಯಬೇಕು. ಏಕೆಂದರೆ 13ನೆಯ ತಿಂಗಳು ಇಲ್ಲ.

ಎರಡನೆಯ ತೊಡಕು ಹೆಸರಿನದು. ಹಳೆಯ ಕಡತಗಳಲ್ಲಿ ಗ್ರಾಮದ ಹೆಸರನ್ನು ನುಡಿ ಅಕ್ಷರವಿನ್ಯಾಸದಲ್ಲಿ, ಹೊಸ ಕಡತಗಳಲ್ಲಿ ಯೂನಿಕೋಡ್‌ನಲ್ಲಿ ಬರೆದಿರುತ್ತಾರೆ. ಪರದೆಯ ಮೇಲೆ ಎರಡೂ ‘ಮಾಚೇನಹಳ್ಳಿ’ ಎಂದೇ ಕಂಡರೂ ಗಣಕಕ್ಕೆ ಅವು ಬೇರೆ ಬೇರೆ ಪದಗಳು. ಇಂಗ್ಲಿಷಿನಲ್ಲಿ ಬರೆಯುವ ಜಿಲ್ಲೆಯ ಹೆಸರೂ 2014ರ ನವೆಂಬರ್ 1ರಿಂದ ‘ಶಿಮೋಗಾ’ ಇದ್ದದ್ದು ‘ಶಿವಮೊಗ್ಗ’ ಆಗಿ ಬದಲಾಗಿದೆ. ಹೆಸರಿನ ಆಧಾರದಲ್ಲಿ ಎರಡು ಹಾಳೆಗಳನ್ನು ಜೋಡಿಸಿದರೆ ಕೆಲವು ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಹೆಸರಿಗೆ ಬದಲಾಗಿ ಗ್ರಾಮದ ಎಲ್‌ಜಿಡಿ ಸಂಕೇತವನ್ನೂ, ಕೊಳವೆಬಾವಿಗೆ ಪಂಚಾಯಿತಿಯೇ ನೀಡಿದ ಕ್ರಮಸಂಖ್ಯೆಯನ್ನೂ ಬಳಸುವುದು ಸುರಕ್ಷಿತ. ಜೋಡಿಸಿದ ನಂತರ ಎರಡೂ ಹಾಳೆಗಳ ಸಾಲುಗಳ ಸಂಖ್ಯೆಯನ್ನು ಎಣಿಸಿ ತಾಳೆ ನೋಡುವುದು ಕಡ್ಡಾಯ.

4. ಬಿಲ್ಲಿನ ಅವಧಿಯಿಂದ ಕ್ಯಾಲೆಂಡರ್ ತಿಂಗಳಿಗೆ

ಅಭ್ಯಾಸ 1. ಒಂದು ಪಂಪ್‌ಹೌಸಿನ ಮೂರು ಬಿಲ್ಲುಗಳು ಹೀಗಿವೆಯೆಂದು ಭಾವಿಸಿ:

| ಬಿಲ್ಲು | ಅವಧಿಯ ಆರಂಭ | ಮುಂದಿನ ರೀಡಿಂಗ್ | ದಿನಗಳು | ಯೂನಿಟ್ | ದಿನಕ್ಕೆ |
|---|---|---|---|---|---|
| ಮೇ | ಏಪ್ರಿಲ್ 8 | ಮೇ 6 | 28 | 2,240 | 80 |
| ಜೂನ್ | ಮೇ 6 | ಜೂನ್ 10 | 35 | 2,870 | 82 |
| ಜುಲೈ | ಜೂನ್ 10 | ಜುಲೈ 8 | 28 | 2,212 | 79 |

ಬಿಲ್ಲಿನ ಮೊತ್ತವನ್ನಷ್ಟೇ ನೋಡಿದರೆ ಮೇ ತಿಂಗಳಿಗಿಂತ ಜೂನ್‌ನಲ್ಲಿ 630 ಯೂನಿಟ್, ಅಂದರೆ ಶೇ. 28ರಷ್ಟು ಏರಿಕೆ ಕಾಣುತ್ತದೆ. ‘ಮಳೆಗಾಲ ಆರಂಭವಾದರೂ ವಿದ್ಯುತ್ ಏರಿದೆ, ಮೋಟಾರು ಕೆಟ್ಟಿದೆ ಅಥವಾ ನೀರು ಪೋಲಾಗುತ್ತಿದೆ’ ಎಂಬ ಅನುಮಾನ ಸಹಜ. ದಿನಗಳಿಂದ ಭಾಗಿಸಿದಾಗ 80, 82, 79 ದೊರೆಯುತ್ತದೆ. ಬಳಕೆ ಬಹುಮಟ್ಟಿಗೆ ಸ್ಥಿರವಾಗಿದೆ.

ಇದನ್ನು ಕ್ಯಾಲೆಂಡರ್ ತಿಂಗಳಿಗೆ ತರುವ ಕ್ರಮ ಹೀಗಿದೆ. ಮೊದಲಿಗೆ ಹೊಸ ಹಾಳೆಯ ಎ ಕಾಲಂನಲ್ಲಿ ಏಪ್ರಿಲ್ 8ರಿಂದ ಜುಲೈ 7ರವರೆಗೆ ದಿನಕ್ಕೊಂದು ಸಾಲಿನಂತೆ ದಿನಾಂಕಗಳನ್ನು ಎಳೆದು ತುಂಬಬೇಕು. ಬಿಲ್ಲುಗಳ ಹಾಳೆಯಲ್ಲಿ ಅವಧಿಯ ಆರಂಭದ ದಿನಾಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಬೇಕು. ಬಿ ಕಾಲಂನಲ್ಲಿ ವಿಲುಕಪ್ ಸೂತ್ರವನ್ನು ಬಳಸಿ, ಕೊನೆಯ ಆಯ್ಕೆಯನ್ನು ‘ಟ್ರೂ’ ಎಂದು ನೀಡಿದರೆ, ಪ್ರತಿ ದಿನಾಂಕಕ್ಕೂ ಅದಕ್ಕಿಂತ ಹಿಂದಿನ ಅಥವಾ ಅದೇ ದಿನದ ಸಮೀಪದ ಆರಂಭ ದಿನಾಂಕವನ್ನು ಗಣಕ ಹುಡುಕಿ, ಆ ಬಿಲ್ಲಿನ ದಿನದ ದರವನ್ನು ತಂದಿಡುತ್ತದೆ. ಸಿ ಕಾಲಂನಲ್ಲಿ ತಿಂಗಳನ್ನು ಬರೆಯಬೇಕು. ಕೊನೆಗೆ ಸಮ್‌ಇಫ್ಸ್ ಸೂತ್ರದಿಂದ ಅಥವಾ ಪಿವಟ್ ಟೇಬಲ್‌ನಿಂದ ತಿಂಗಳವಾರು ಮೊತ್ತ ತೆಗೆಯಬೇಕು.

ಲೆಕ್ಕ ಹೀಗೆ ಬರುತ್ತದೆ. ಮೇ ತಿಂಗಳು: ಮೊದಲ 5 ದಿನ 80ರಂತೆ 400, ಉಳಿದ 26 ದಿನ 82ರಂತೆ 2,132, ಒಟ್ಟು 2,532. ಜೂನ್ ತಿಂಗಳು: ಮೊದಲ 9 ದಿನ 82ರಂತೆ 738, ಉಳಿದ 21 ದಿನ 79ರಂತೆ 1,659, ಒಟ್ಟು 2,397. ಬಿಲ್ಲುಗಳ ಪ್ರಕಾರ ಏರಿದ್ದ ಜೂನ್, ಕ್ಯಾಲೆಂಡರ್ ತಿಂಗಳ ಪ್ರಕಾರ ಇಳಿದಿದೆ. ಮೋಟಾರು ಬದಲಿಸುವ ಠರಾವಿಗೆ ಈ ಬಿಲ್ಲುಗಳು ಆಧಾರವಾಗಲಾರವು.

ಇಲ್ಲಿ ಒಂದು ಮಿತಿಯಿದೆ. ದಿನಕ್ಕೆ 82 ಎಂಬುದು ಅಳೆದ ಅಂಕಿಯಲ್ಲ. 35 ದಿನಗಳಿಗೆ ಸಮನಾಗಿ ಹಂಚಿದ ಅಂದಾಜು. ಆ 35 ದಿನಗಳೊಳಗೆ ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂಬುದನ್ನು ಬಿಲ್ಲು ಹೇಳುವುದಿಲ್ಲ. ಆದ್ದರಿಂದ ಹೀಗೆ ಹಂಚಿದ ದಿನವಾರು ಅಂಕಿಗಳನ್ನು ದಿನವಾರು ಮಳೆಯೊಂದಿಗೆ ಹೋಲಿಸಕೂಡದು. ಎರಡು ದಾಖಲೆಗಳಲ್ಲಿ ಯಾವುದರ ಅವಧಿ ದೊಡ್ಡದೋ ಆ ಅವಧಿಗೆ ಇನ್ನೊಂದನ್ನು ತರಬೇಕೆಂಬುದು ಸಾಮಾನ್ಯ ನಿಯಮ. ದಿನವಾರು ಮಳೆಯನ್ನು ಕೂಡಿಸಿ ಬಿಲ್ಲಿನ ಅವಧಿಗೆ ತರುವುದು ನಿಖರವಾದ ಕ್ರಮ. ಬಿಲ್ಲನ್ನು ಒಡೆದು ದಿನಕ್ಕೆ ತರುವುದು ಅಂದಾಜಿನ ಕ್ರಮ.

5. ಕೂಡಿಸಬೇಕಾದುದು, ಸರಾಸರಿ ತೆಗೆಯಬೇಕಾದುದು

ಸಣ್ಣ ಅವಧಿಯನ್ನು ದೊಡ್ಡ ಅವಧಿಗೆ ತರುವಾಗ ಎಲ್ಲ ಅಂಕಿಗಳಿಗೂ ಒಂದೇ ವಿಧಾನ ಸಲ್ಲದು. ಮಳೆ, ಯೂನಿಟ್, ಪಂಪು ನಡೆದ ಗಂಟೆ, ಟ್ಯಾಂಕರ್ ಸುತ್ತುಗಳು: ಇವನ್ನು ಕೂಡಿಸಬೇಕು. ನೀರಿನ ಮಟ್ಟ, ಜಲಾಶಯದ ಮಟ್ಟ: ಇವನ್ನು ಕೂಡಿಸಿದರೆ ಅರ್ಥವಿಲ್ಲ, ಅವಧಿಯ ಕೊನೆಯ ಅಳತೆಯನ್ನೋ ಸರಾಸರಿಯನ್ನೋ ತೆಗೆದುಕೊಂಡು, ಯಾವುದನ್ನು ತೆಗೆದುಕೊಳ್ಳಲಾಗಿದೆ ಎಂದು ಬರೆಯಬೇಕು. ಜನಸಂಖ್ಯೆ, ನಲ್ಲಿ ಸಂಪರ್ಕಗಳ ಸಂಖ್ಯೆ: ಇವುಗಳಿಗೆ ಆಯಾ ದಿನಾಂಕದ ಎಣಿಕೆಯೇ ಬೇಕು.

ಖಾಲಿ ಕೋಶಕ್ಕೂ ಶೂನ್ಯಕ್ಕೂ ಇರುವ ಅಂತರವನ್ನು ಮರೆಯಕೂಡದು. ಮಳೆ ಬಾರದ ದಿನ ಶೂನ್ಯ. ಮಾಪಕ ಕೆಟ್ಟ ದಿನ ಖಾಲಿ. ಸರಾಸರಿಯ ಸೂತ್ರ ಖಾಲಿ ಕೋಶವನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಶೂನ್ಯವನ್ನು ಸೇರಿಸಿಕೊಳ್ಳುತ್ತದೆ. ಮಾಪಕ ಕೆಟ್ಟ ಹತ್ತು ದಿನಗಳಿಗೆ ಶೂನ್ಯ ತುಂಬಿದರೆ ಇಲ್ಲದ ಬರ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ. ಮೀಟರ್ ಓದಲಾಗದೆ ಸರಾಸರಿ ಬಿಲ್ಲು ಬಂದ ತಿಂಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅದರ ಮುಂದಿನ ಬಿಲ್ಲಿನಲ್ಲಿ ಹಿಂದಿನ ಕೊರತೆ ಸೇರಿರುವುದರಿಂದ ಎರಡನ್ನೂ ಒಂದೇ ಅವಧಿಯಾಗಿ ಕೂಡಿಸಿ ನೋಡಬೇಕು.

6. ಅಳತೆಯ ಮೂಲ ಮತ್ತು ದಿಕ್ಕು

ಜಿಲ್ಲೆಯ ಜನರು ದಿನಪತ್ರಿಕೆಯಲ್ಲಿ ದಿನವೂ ನೋಡುವ ಅಂಕಿಗಳಲ್ಲಿಯೇ ಈ ತೊಡಕಿದೆ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಗಾಜನೂರಿನ ತುಂಗಾ ಜಲಾಶಯದ್ದು 588.24 ಮೀಟರ್; ಲಿಂಗನಮಕ್ಕಿಯದು 1,819 ಅಡಿ. ಮೀಟರನ್ನು 3.28ರಿಂದ ಗುಣಿಸಿ ಅಡಿಗೆ ತಂದರೂ ಭದ್ರಾ ಮತ್ತು ತುಂಗಾ ಹೋಲಿಕೆಗೆ ಬರುವುದಿಲ್ಲ. ತುಂಗಾ ಮತ್ತು ಲಿಂಗನಮಕ್ಕಿಯ ಅಂಕಿಗಳು ಸಮುದ್ರಮಟ್ಟದಿಂದ ಎಣಿಸಿದವು, ಭದ್ರೆಯದು ಹಾಗಲ್ಲ. ಜಲಾಶಯಗಳ ಗಾತ್ರವೂ ಬೇರೆ: ಭದ್ರಾ 71.5 ಟಿಎಂಸಿ, ತುಂಗಾ 3.24 ಟಿಎಂಸಿ. ಒಂದು ಅಡಿ ಏರಿಕೆ ಎರಡು ಕಡೆಯೂ ಒಂದೇ ಪ್ರಮಾಣದ ನೀರಲ್ಲ. ಸಾಮರ್ಥ್ಯದ ಶೇಕಡಾವಾರು ಸಂಗ್ರಹಕ್ಕೆ ಪರಿವರ್ತಿಸಿದ ಮೇಲೆಯೇ ಇವು ಒಂದೇ ನಕ್ಷೆಯಲ್ಲಿ ಕೂರಬಲ್ಲವು.

ಕೊಳವೆಬಾವಿಯ ಲೆಕ್ಕದಲ್ಲಿ ದಿಕ್ಕಿನ ತೊಡಕೂ ಇದೆ. ನೀರಿನ ಮಟ್ಟವನ್ನು ನೆಲದಿಂದ ಕೆಳಕ್ಕೆ ಅಳೆಯಲಾಗುತ್ತದೆ. 9 ಮೀಟರ್ ಇದ್ದದ್ದು 14 ಮೀಟರ್ ಆದರೆ ಅಂಕಿ ಏರಿದೆ, ನೀರು ಇಳಿದಿದೆ. ಮಳೆಯ ರೇಖೆಯೊಂದಿಗೆ ಇದನ್ನು ಒಂದೇ ನಕ್ಷೆಯಲ್ಲಿ ತೋರಿಸುವಾಗ ಆಳದ ಅಕ್ಷವನ್ನು ತಲೆಕೆಳಗಾಗಿಸಬೇಕು. ಕೊರೆಯುವವರು ಅಡಿಯಲ್ಲಿಯೂ ಇಲಾಖೆಯವರು ಮೀಟರಿನಲ್ಲಿಯೂ ಬರೆಯುವುದರಿಂದ ಪ್ರತಿ ಕಾಲಂನ ತಲೆಯಲ್ಲಿ ಅಳತೆಯ ಘಟಕ ಇರಲೇಬೇಕು.

7. ವರ್ಷಕ್ಕೆ ನಾಲ್ಕು ಅಳತೆಗಳನ್ನು ಹೋಲಿಸುವುದು

ಅಭ್ಯಾಸ 2. ಒಂದು ಬಾವಿಯ ನೀರಿನ ಮಟ್ಟ ಕಳೆದ ವರ್ಷ ಆಗಸ್ಟ್ 5ರಂದು 10.6 ಮೀಟರ್, ಈ ವರ್ಷ ಆಗಸ್ಟ್ 27ರಂದು 9.1 ಮೀಟರ್. ತಃಖ್ತೆಯಲ್ಲಿ ಎರಡೂ ‘ಆಗಸ್ಟ್’ ಎಂಬ ಶೀರ್ಷಿಕೆಯಡಿ ಇವೆ. ‘ಹಿಂದಿನ ವರ್ಷ ತೋಡಿಸಿದ ಇಂಗುಗುಂಡಿಗಳ ಫಲವಾಗಿ ಮಟ್ಟ ಒಂದೂವರೆ ಮೀಟರ್ ಏರಿದೆ’ ಎಂದು ವರದಿ ಸಿದ್ಧವಾಗಿದೆ. ಈಗ ಜೂನ್ 1ರಿಂದ ಅಳತೆಯ ದಿನದವರೆಗಿನ ಮಳೆಯನ್ನು ಸಮ್‌ಇಫ್ಸ್‌ನಿಂದ ಕೂಡಿಸಿ: ಕಳೆದ ವರ್ಷ ಆಗಸ್ಟ್ 5ರವರೆಗೆ 410 ಮಿ.ಮೀ.; ಈ ವರ್ಷ ಆಗಸ್ಟ್ 5ರವರೆಗೆ 405 ಮಿ.ಮೀ., ಆಗಸ್ಟ್ 27ರವರೆಗೆ 560 ಮಿ.ಮೀ. ಎರಡು ಅಳತೆಗಳ ನಡುವೆ ಮಳೆಗಾಲದ 22 ದಿನಗಳ ವ್ಯತ್ಯಾಸವಿದೆ. ಆ ದಿನಗಳಲ್ಲಿ 155 ಮಿ.ಮೀ. ಹೆಚ್ಚುವರಿ ಮಳೆ ಬಿದ್ದಿದೆ. ಏರಿಕೆಯಲ್ಲಿ ಇಂಗುಗುಂಡಿಯ ಪಾಲು ಎಷ್ಟು, ಮಳೆಯ ಪಾಲು ಎಷ್ಟು ಎಂಬುದನ್ನು ಈ ಎರಡು ಅಂಕಿಗಳಿಂದ ಬಿಡಿಸಲಾಗದು. ಇಂಗುಗುಂಡಿ ನಿಷ್ಪ್ರಯೋಜಕವೆಂದೂ ಇದರಿಂದ ಸಿದ್ಧವಾಗುವುದಿಲ್ಲ. ಮುಂದಿನ ವರ್ಷದಿಂದ ಅಳತೆಯ ದಿನಾಂಕವನ್ನು ನಿಗದಿಗೊಳಿಸುವುದೇ ಸಭೆ ಕೈಗೊಳ್ಳಬಹುದಾದ ಸರಿಯಾದ ಕ್ರಮ.

ನಾಲ್ಕು ಅಳತೆಗಳ ನಡುವಿನ ಖಾಲಿ ತಿಂಗಳುಗಳನ್ನು ನೇರ ರೇಖೆಯಿಂದ ತುಂಬಿ ಹನ್ನೆರಡು ಅಂಕಿಗಳಾಗಿ ತೋರಿಸುವ ಪರಿಪಾಠವೂ ಉಂಟು. ಬಾವಿಯ ನೀರು ನೇರ ರೇಖೆಯಲ್ಲಿ ಏರಿಳಿಯುವುದಿಲ್ಲ. ತುಂಗಾ, ಭದ್ರಾ ನಾಲೆಗಳ ಅಚ್ಚುಕಟ್ಟಿನ ಗ್ರಾಮಗಳಲ್ಲಿ ಮಳೆಯಿಲ್ಲದ ತಿಂಗಳಲ್ಲಿಯೂ ನಾಲೆಗೆ ನೀರು ಬಿಟ್ಟರೆ ಗದ್ದೆ ಬಯಲಿನ ಬಾವಿಗಳು ಚೇತರಿಸಿಕೊಳ್ಳುತ್ತವೆ. ನಾಲೆ ನಿಂತರೆ ಇಳಿಯುತ್ತವೆ. ಆದುದರಿಂದ ಅಂತಹ ಗ್ರಾಮಗಳ ತಃಖ್ತೆಯಲ್ಲಿ ನಾಲೆಗೆ ನೀರು ಹರಿದ ದಿನಗಳಿಗೂ ಒಂದು ಕಾಲಂ ಇರಬೇಕು. ಅಳೆಯದ ತಿಂಗಳನ್ನು ಖಾಲಿ ಬಿಡಬೇಕು. ಅಂದಾಜು ತುಂಬಲೇಬೇಕಾದರೆ ಬೇರೆ ಬಣ್ಣದಲ್ಲಿ ಗುರುತಿಸಬೇಕು.

ಮಳೆ ಬಿದ್ದ ಕೂಡಲೇ ಬಾವಿಯ ಮಟ್ಟ ಏರಬೇಕೆಂಬ ನಿರೀಕ್ಷೆಯೂ ಸರಿಯಲ್ಲ. ನೀರು ಮಣ್ಣಿನೊಳಗೆ ಇಳಿಯಲು ಕಾಲ ಹಿಡಿಯುತ್ತದೆ. ಜುಲೈ ಮಳೆಯ ಎದುರಿಗೆ ಜುಲೈ ಮಟ್ಟವನ್ನಿಟ್ಟು ‘ಸಂಬಂಧವಿಲ್ಲ’ ಎನ್ನುವ ಬದಲು, ಮಟ್ಟದ ಕಾಲಂ ಅನ್ನು ಒಂದು ತಿಂಗಳು, ಎರಡು ತಿಂಗಳು ಮುಂದಕ್ಕೆ ಸರಿಸಿ ನೋಡಬೇಕು.

8. ಆರ್ಥಿಕ ವರ್ಷ ಮತ್ತು ಜಲವರ್ಷ

2023ರ ಮುಂಗಾರು ರಾಜ್ಯದಲ್ಲಿ ವಿಫಲವಾಯಿತು. 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅದರ ಬಿಸಿ ಕುಡಿಯುವ ನೀರಿಗೆ ಪೂರ್ಣವಾಗಿ ತಟ್ಟಿದ್ದು 2024ರ ಬೇಸಿಗೆಯಲ್ಲಿ. ಆ ಬೇಸಿಗೆಯ ಮಾರ್ಚ್ ತಿಂಗಳು 2023-24ನೇ ಆರ್ಥಿಕ ವರ್ಷಕ್ಕೆ ಸೇರಿದರೆ, ಏಪ್ರಿಲ್ ಮತ್ತು ಮೇ 2024-25ಕ್ಕೆ ಸೇರುತ್ತವೆ. ಆದರೆ 2024ರ ಮುಂಗಾರು ಉತ್ತಮವಾಗಿತ್ತು.

ಅಭ್ಯಾಸ 3. ಟ್ಯಾಂಕರ್ ವೆಚ್ಚ 2024ರ ಮಾರ್ಚ್‌ನಲ್ಲಿ 60,000, ಏಪ್ರಿಲ್‌ನಲ್ಲಿ 1,40,000, ಮೇ ತಿಂಗಳಲ್ಲಿ 1,60,000, ಜೂನ್‌ನಲ್ಲಿ 10,000 ರೂಪಾಯಿ ಎಂದಿರಲಿ; ಉಳಿದ ತಿಂಗಳುಗಳಲ್ಲಿ ವೆಚ್ಚವಿಲ್ಲ. ಆರ್ಥಿಕ ವರ್ಷದ ಪ್ರಕಾರ 2023-24ರಲ್ಲಿ 60,000, 2024-25ರಲ್ಲಿ 3,10,000. ಬರದ ವರ್ಷದಲ್ಲಿ ಅಲ್ಪ ವೆಚ್ಚ, ಒಳ್ಳೆಯ ಮಳೆಯ ವರ್ಷದಲ್ಲಿ ಐದು ಪಟ್ಟು ವೆಚ್ಚ ಎಂಬ ವಿಚಿತ್ರ ಚಿತ್ರ ಮೂಡುತ್ತದೆ. ಇದನ್ನು ಕಂಡವರು ವೆಚ್ಚದಲ್ಲಿ ಅಕ್ರಮವನ್ನು ಶಂಕಿಸಬಹುದು. ಇಲ್ಲವೇ ಮಳೆಗೂ ಟ್ಯಾಂಕರಿಗೂ ಸಂಬಂಧವಿಲ್ಲವೆಂದು ಮುಂದಿನ ಬರಕ್ಕೆ ಹಣ ಕಾದಿರಿಸದೆ ಬಿಡಬಹುದು. ಜೂನ್ 1ರಿಂದ ಮೇ 31ರವರೆಗಿನ ಜಲವರ್ಷಕ್ಕೆ ತಂದರೆ 2023-24ರಲ್ಲಿ 3,60,000, 2024-25ರಲ್ಲಿ 10,000. ಮಳೆಯ ಕೊರತೆ ಮತ್ತು ವೆಚ್ಚದ ಸಂಬಂಧ ಕಣ್ಣಿಗೆ ಕಟ್ಟುತ್ತದೆ.

ಲೆಕ್ಕಪತ್ರವನ್ನು ಆರ್ಥಿಕ ವರ್ಷದಲ್ಲಿಯೇ ಇಡಬೇಕು. ಅದು ಕಾನೂನಿನ ಅಗತ್ಯ. ಆದರೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ನೀರಿನ ವಿಷಯವನ್ನು ಪರಿಶೀಲಿಸುವಾಗ ಅದೇ ವೆಚ್ಚವನ್ನು ತಿಂಗಳವಾರು ಬಿಡಿಸಿ ಜಲವರ್ಷಕ್ಕೆ ಮರುಜೋಡಿಸಿದ ಇನ್ನೊಂದು ತಃಖ್ತೆಯನ್ನೂ ಸದಸ್ಯರು ಕೇಳಿ ಪಡೆಯಬೇಕು. ತಿಂಗಳವಾರು ವೆಚ್ಚ ದಾಖಲಾಗಿದ್ದರೆ ಇದು ಪಿವಟ್ ಟೇಬಲ್‌ನಲ್ಲಿ ಕೆಲವೇ ನಿಮಿಷಗಳ ಕೆಲಸ.

9. ಅಂಶ ಇಂದಿನದು, ಛೇದ ಅಂದಿನದು

ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಗ್ರಾಮೀಣ ಭಾಗದಲ್ಲಿ ತಲಾ ದಿನಕ್ಕೆ 55 ಲೀಟರ್ ನೀರು ಅದರ ಮಾನದಂಡ. ಇದನ್ನು ಲೆಕ್ಕ ಹಾಕುವಾಗ ಸರಬರಾಜಾದ ನೀರು ಇಂದಿನದಾಗಿದ್ದು, ಭಾಗಿಸುವ ಜನಸಂಖ್ಯೆ 2011ರ ಜನಗಣತಿಯದಾಗಿದ್ದರೆ ಎರಡು ಬೇರೆ ಕಾಲಗಳ ಅಂಕಿಗಳನ್ನು ಒಂದೇ ಭಿನ್ನರಾಶಿಯಲ್ಲಿ ಕೂರಿಸಿದಂತಾಗುತ್ತದೆ.

ಅಭ್ಯಾಸ 4. ದಿನಕ್ಕೆ 1,65,000 ಲೀಟರ್ ಸರಬರಾಜು. 2011ರ ಜನಸಂಖ್ಯೆ 3,000. ತಲಾ 55 ಲೀಟರ್, ಮಾನದಂಡ ಈಡೇರಿದೆ. ಬಾಡಿಗೆ ಕೋಣೆಗಳವರನ್ನೂ ಸೇರಿಸಿ ಇಂದು ಎಣಿಸಿದಾಗ 3,600 ಜನರಿದ್ದರೆ ತಲಾ ಸುಮಾರು 46 ಲೀಟರ್. ಪ್ರತಿಯೊಬ್ಬರಿಗೂ ದಿನಕ್ಕೆ 9 ಲೀಟರ್ ಕೊರತೆಯಿದೆ. ಕಾಗದದ ಮೇಲೆ ಅದು ಕಾಣುವುದಿಲ್ಲ. ಮಾಚೇನಹಳ್ಳಿಯಂತಹ ಕೈಗಾರಿಕಾ ನೆರೆಯ ಗ್ರಾಮಗಳಲ್ಲಿ ಈ ಅಂತರವನ್ನು ಮೊದಲು ಅನುಭವಿಸುವವರು ಕೊಳವೆಮಾರ್ಗದ ತುದಿಯಲ್ಲಿರುವ ಮನೆಗಳವರು. ಸರಬರಾಜಿನ ವರ್ಷಕ್ಕೆ ಹೊಂದುವ ಎಣಿಕೆಯನ್ನು ಮನೆ ಸಮೀಕ್ಷೆಯಿಂದಲೋ ನಲ್ಲಿ ಸಂಪರ್ಕಗಳ ಪಟ್ಟಿಯಿಂದಲೋ ಪಡೆದು, ಅದರ ದಿನಾಂಕವನ್ನು ತಃಖ್ತೆಯಲ್ಲಿ ನಮೂದಿಸಬೇಕು.

ಕಾಲದೊಂದಿಗೆ ಗಡಿಯೂ ಬದಲಾಗುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದ ಬೇರ್ಪಟ್ಟವು. 1991ರ ಜಿಲ್ಲಾ ಅಂಕಿಯ ಮುಂದೆ 2001ರ ಜಿಲ್ಲಾ ಅಂಕಿಯನ್ನಿಟ್ಟರೆ ಒಂದೇ ಹೆಸರಿನ ಎರಡು ಬೇರೆ ಪ್ರದೇಶಗಳನ್ನು ಹೋಲಿಸಿದಂತಾಗುತ್ತದೆ. ಪಂಚಾಯಿತಿಗಳ ಪುನರ್ವಿಂಗಡಣೆಯಾದ ಕಡೆಯೂ ಹೀಗೆಯೇ. ಹಳೆಯ ಅಂಕಿಗಳನ್ನು ಗ್ರಾಮವಾರು ಬಿಡಿಸಿ, ಇಂದಿನ ಗಡಿಯೊಳಗಿನ ಗ್ರಾಮಗಳನ್ನಷ್ಟೇ ಕೂಡಿಸಬೇಕು.

10. ನಕ್ಷೆಯನ್ನು ಓದುವ ಎಚ್ಚರ

ಎರಡು ಬೇರೆ ಘಟಕಗಳ ರೇಖೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಲು ಎಡಕ್ಕೊಂದು, ಬಲಕ್ಕೊಂದು ಅಕ್ಷವನ್ನು ಇಡುವುದುಂಟು. ಅಕ್ಷಗಳ ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ಬದಲಿಸುವ ಮೂಲಕ ಎರಡು ರೇಖೆಗಳು ಎಲ್ಲಿ ಬೇಕಾದರೂ ಒಂದನ್ನೊಂದು ದಾಟುವಂತೆ ಮಾಡಬಹುದು. ಆ ದಾಟುವ ಬಿಂದುವಿಗೆ ಯಾವ ಅರ್ಥವೂ ಇಲ್ಲ. ಇದಕ್ಕೆ ಬದಲಾಗಿ ಎರಡೂ ಸರಣಿಗಳ ಮೊದಲ ತಿಂಗಳನ್ನು 100 ಎಂದು ಪರಿಗಣಿಸಿ ಉಳಿದ ತಿಂಗಳುಗಳನ್ನು ಅದಕ್ಕೆ ಹೋಲಿಸಿದ ಸೂಚ್ಯಂಕವಾಗಿ ತೋರಿಸಬಹುದು; ಇಲ್ಲವೇ ಎರಡು ನಕ್ಷೆಗಳನ್ನು ಒಂದರ ಕೆಳಗೊಂದು, ಒಂದೇ ತಿಂಗಳುಗಳ ಅಳತೆಯಲ್ಲಿ ಇಡಬಹುದು. ಎರಡು ರೇಖೆಗಳು ಕೂಡಿ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು; ಬೇಸಿಗೆಯಲ್ಲಿ ಏರುವುದೆಲ್ಲವೂ ಬೇಸಿಗೆಯಲ್ಲಿ ಕೂಡಿಯೇ ಏರುತ್ತದೆ. ಈ ವರ್ಷದ ಮೇ ತಿಂಗಳನ್ನು ಕಳೆದ ವರ್ಷದ ಮೇ ತಿಂಗಳೊಂದಿಗೆ ಹೋಲಿಸಿದಾಗ ಋತುಮಾನದ ಪ್ರಭಾವ ಬಹುಮಟ್ಟಿಗೆ ಕಳೆದುಹೋಗುತ್ತದೆ.

11. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಸ್ಪ್ರೆಡ್‌ಶೀಟ್ ಸಿದ್ಧಪಡಿಸುವುದು ಕಚೇರಿಯ ಕೆಲಸ. ಅದನ್ನು ಪರಿಶೀಲಿಸಿ ತೀರ್ಮಾನಿಸುವುದು ಸದಸ್ಯರ ಹೊಣೆ. ಗಣಕ ಬಳಸಲು ಬಾರದ ಸದಸ್ಯರೂ ಈ ಕೆಳಗಿನ ಪ್ರಶ್ನೆಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ಕೇಳಬಹುದು.

(1) ಪ್ರತಿ ಕಾಲಂನ ಅಂಕಿ ಯಾವ ದಿನದಿಂದ ಯಾವ ದಿನದವರೆಗಿನದು?
(2) ಹೋಲಿಸಿದ ಎರಡೂ ಅಂಕಿಗಳ ದಿನಗಳ ಸಂಖ್ಯೆ ಒಂದೇ ಆಗಿದೆಯೆ? ಇಲ್ಲವಾದರೆ ದಿನಕ್ಕೆ ಎಷ್ಟು?
(3) ಇದರಲ್ಲಿ ಅಳೆದ ಅಂಕಿ ಯಾವುದು, ಅಂದಾಜಿನಿಂದ ತುಂಬಿದ್ದು ಯಾವುದು?
(4) ಶೂನ್ಯವೆಂದರೆ ಇಲ್ಲವೆಂದೇ, ಅಥವಾ ಅಳೆದಿಲ್ಲವೆಂದೇ?
(5) ಘಟಕ ಯಾವುದು? ಅಂಕಿ ಏರಿದರೆ ಸ್ಥಿತಿ ಸುಧಾರಿಸಿದೆ ಎಂದೇ, ಹದಗೆಟ್ಟಿದೆ ಎಂದೇ?
(6) ಜನಸಂಖ್ಯೆ ಯಾವ ವರ್ಷದ್ದು? ಗಡಿ ಅಂದಿನಿಂದ ಇಂದಿನವರೆಗೆ ಬದಲಾಗಿದೆಯೆ?
(7) ಜೋಡಿಸುವಾಗ ಬಿಟ್ಟುಹೋದ ಬಾವಿ ಅಥವಾ ಗ್ರಾಮ ಇದೆಯೆ?

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ತಃಖ್ತೆಯ ಕೆಳಗೆ ಟಿಪ್ಪಣಿಯಾಗಿ ಬರೆಯಿಸಿ, ಸಭೆಯ ನಡವಳಿಯೊಂದಿಗೆ ಲಗತ್ತಿಸುವುದು ಸೂಕ್ತ. ಮೂಲ ಅಂಕಿಗಳ ಹಾಳೆಯನ್ನು ತಿದ್ದದೆ ಹಾಗೆಯೇ ಉಳಿಸಿ, ಲೆಕ್ಕಾಚಾರವನ್ನು ಬೇರೆ ಹಾಳೆಯಲ್ಲಿ ಮಾಡಿಸಬೇಕು. ಮುಂದಿನ ಅವಧಿಗೆ ಆಯ್ಕೆಯಾಗಿ ಬರುವ ಸದಸ್ಯರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಸಾಧ್ಯವಾಗಬೇಕು.

12. ಸ್ವಂತ ಅಭ್ಯಾಸಕ್ಕೆ

ಪ್ರತಿ ಗ್ರಾಮ ಪಂಚಾಯಿತಿಯೂ ಒಂದು ಪಂಪ್‌ಹೌಸನ್ನು ಆಯ್ದುಕೊಂಡು, ಕಳೆದ ಹನ್ನೆರಡು ಬಿಲ್ಲುಗಳ ಮೀಟರ್ ಓದಿದ ದಿನಾಂಕ ಮತ್ತು ಯೂನಿಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ದಿನದ ದರವನ್ನು ತೆಗೆಯಬಹುದು. ಅದರ ಪಕ್ಕದಲ್ಲಿ ಅದೇ ಅವಧಿಗಳಿಗೆ ಕೂಡಿಸಿದ ಮಳೆಯನ್ನೂ, ನೀರುಗಂಟಿಯ ದಿನವಹಿಯಿಂದ ಪಂಪು ನಡೆದ ಗಂಟೆಗಳನ್ನೂ ಇಡಬೇಕು. ಯೂನಿಟ್ಟನ್ನು ಗಂಟೆಯಿಂದ ಭಾಗಿಸಿದಾಗ ಬರುವ ಅಂಕಿ ವರ್ಷವಿಡೀ ಸ್ಥಿರವಾಗಿದ್ದರೆ ಮೋಟಾರು ಸರಿಯಿದೆಯೆಂದು ಬಹುಮಟ್ಟಿಗೆ ನಂಬಬಹುದು. ಅದು ಬರುಬರುತ್ತಾ ಏರಿದ್ದರೆ ಮೋಟಾರನ್ನು ತಜ್ಞರಿಂದ ಪರೀಕ್ಷಿಸಬೇಕು. ಅದು ಸ್ಥಿರವಾಗಿದ್ದು ಪಂಪು ನಡೆದ ಗಂಟೆಗಳು ಮಾತ್ರ ಏರಿದ್ದರೆ, ಬೇಡಿಕೆ ಹೆಚ್ಚಿದೆಯೋ, ನೀರು ಸೋರುತ್ತಿದೆಯೋ, ಬಾವಿಯ ಇಳುವರಿ ಕುಗ್ಗಿದೆಯೋ ಎಂಬ ಪ್ರಶ್ನೆಗೆ ಉತ್ತರವನ್ನು ಕೊಳವೆಮಾರ್ಗದ ಮೇಲೆ ನಡೆದು ಕಂಡುಕೊಳ್ಳಬೇಕು. ಕೊಳವೆಬಾವಿ ಕೊರೆಯುವ ಪ್ರಸ್ತಾವನೆ ಸಭೆಗೆ ಬರುವ ಮೊದಲು ಈ ಒಂದು ಹಾಳೆ ಸದಸ್ಯರ ಕೈಯಲ್ಲಿರುವುದು ಅಪೇಕ್ಷಣೀಯ.